ಹೊತ್ತಿಗೆ ಸರಿಯಾಗಿ ದುಡ್ಡು ಕೊಟ್ಟವರಿಗೆ, ಅಕ್ಷರ ತಿದ್ದಿದವರಿಗೆ

ಕಳೆದ ಭಾನುವಾರ ಹಳೆಯ ಬಿಲ್ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತೆ. ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ವಾಪಸ್ ಬಂದು, ಸ್ವಂತವಾಗಿ ಗ್ರಾಫಿಕ್ ಡಿಸೈನ್ ಶುರು ಮಾಡಿ ಹತ್ತು ವರ್ಷ ತುಂಬಿತು. ಒಟ್ಟು 412 ಬಿಲ್. ಕಥೆ ಪುಸ್ತಕಗಳ ಮುಖಪುಟ, ಲಗ್ನಪತ್ರಿಕೆ, ಬೆಣ್ಣೆ ದೋಸೆ ಹೋಟೆಲಿನ ಬೋರ್ಡು, ರಾಣೆಬೆನ್ನೂರಿನ ಬೀಜದ ಪೊಟ್ಟಣ, ಶಾಲೆಗಳ ವಾರ್ಷಿಕ ಸಂಚಿಕೆ. ಇದರಲ್ಲಿ ದುಡ್ಡು ಬಾರದೇ ಹೋದದ್ದು ಒಂಬತ್ತು. ಉಳಿದ 403 ಬಿಲ್ಲಿನ ದುಡ್ಡು ಬಂದಿದೆ. ಹೆಚ್ಚಿನವರು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಾರೆ.

ಆ ಲೆಕ್ಕ ನೋಡಿ ಕಣ್ಣು ತುಂಬಿತು. ಅದಕ್ಕೇ ಈ ಧನ್ಯವಾದದ ಬರಹ.

ನಾನು ಓದಿದ್ದು ಇಲ್ಲಿನ ದೃಶ್ಯಕಲಾ ಕಾಲೇಜಿನಲ್ಲಿ, ಅನ್ವಯಿಕ ಕಲೆ. ಈಗ ಅಲ್ಲಿಂದ ಓದಿ ಬರುವ ಮಕ್ಕಳು ಕೇಳುತ್ತಾರೆ, "ಅಕ್ಕಾ, ಡಿಸೈನ್ ಮಾಡಿಕೊಂಡು ಊರಲ್ಲೇ ಬದುಕಬಹುದಾ?" ಬದುಕಬಹುದು. ಆದರೆ ನನ್ನ ಕೈಯ ಕೆಲಸ ಚೆನ್ನಾಗಿತ್ತು, ಅದಕ್ಕೇ ಉಳಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗಿಂತ ಚೆನ್ನಾಗಿ ಚಿತ್ರ ಬರೆಯುತ್ತಿದ್ದವರು ಎರಡೇ ವರ್ಷಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ನನಗೆ ಸಿಕ್ಕಂಥ ಜನ ಅವರಿಗೆ ಸಿಗಲಿಲ್ಲ.

ಮೊದಲ ನಮಸ್ಕಾರ ಮಸಾಲೆ ಪುಡಿ ಮಾಡುವ ಅಮ್ಮನಿಗೆ. 2015ರಲ್ಲಿ ಅವರು ನನ್ನ ಎರಡನೇ ಗಿರಾಕಿ. ಸಾಂಬಾರ್ ಪುಡಿಯ ಪೊಟ್ಟಣಕ್ಕೆ ಡಿಸೈನ್ ಬೇಕಿತ್ತು. ಎಷ್ಟಾಗುತ್ತೆ ಅಂದರು. 1,500 ರೂಪಾಯಿ ಅಂದೆ. "ಎಷ್ಟು ದಿನದ ಕೆಲಸ?" ಆರು ದಿನ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋರಿಗೆ ನಾನು ದಿನಕ್ಕೆ 300 ಕೊಡ್ತೀನಿ. ನೀನು ಓದಿದೋಳು, 250ಕ್ಕೆ ಮಾಡ್ತೀಯಾ? ಮನೆಗೆ ಹೋಗಿ ಲೆಕ್ಕ ಹಾಕಿಕೊಂಡು ಬಾ" ಅಂದರು. ಮರುದಿನ ಹೆದರುತ್ತಾ 6,000 ಅಂದೆ. ಒಂದು ಮಾತೂ ಆಡದೆ ಮುಂಗಡ ಅರ್ಧ ಎಣಿಸಿ ಕೊಟ್ಟರು. ಅವತ್ತಿನಿಂದ ಇವತ್ತಿನವರೆಗೆ ನಾನು ಯಾವ ಕೆಲಸಕ್ಕೂ ಮೊದಲು ಎಷ್ಟು ದಿನ ಅಂತ ಬರೆದುಕೊಳ್ಳುತ್ತೇನೆ, ಆಮೇಲೆ ರೇಟು. ಮನೆ ಬಾಡಿಗೆ, ಕರೆಂಟು, ಸಾಫ್ಟ್‌ವೇರಿನ ತಿಂಗಳ ಚಂದಾ, ಕೆಲಸ ಇಲ್ಲದ ಆಷಾಢದ ದಿನಗಳು, ಎಲ್ಲವೂ ಆ ದಿನದ ಕೂಲಿಯೊಳಗೇ ಬರಬೇಕು. ಐದು ವರ್ಷದ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಪಾಠ ಅದು. ಅಮ್ಮಾ, ನಿಮ್ಮ ಋಣ ದೊಡ್ಡದು.

2019ರಲ್ಲಿ ಒಂದು ಕಂಪನಿಗೆ ಲೋಗೋದಿಂದ ಹಿಡಿದು ಅಂಗಡಿ ಒಳಗಿನ ಬೋರ್ಡುಗಳವರೆಗೆ ಎಲ್ಲ ಮಾಡಿಕೊಟ್ಟೆ. ನಾಲ್ಕು ಸಲ ತಿದ್ದಿಸಿದರು. ಬಿಲ್ 84,000 ರೂಪಾಯಿ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಆ ದುಡ್ಡು ಬರುತ್ತೆ ಅಂತ ನಂಬಿ ನಾನು ಹೊಸ ಕಂಪ್ಯೂಟರ್ ಸಾಲ ಮಾಡಿ ತಗೊಂಡಿದ್ದೆ. ನಮ್ಮ ತಾಯಿಯ ಬಳೆ ಅಡ ಇಡಬೇಕಾಯಿತು. ಅದರ ಬೆನ್ನಿಗೇ 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಏಪ್ರಿಲ್, ಮೇ ಅಂದರೆ ನಮಗೆ ಲಗ್ನದ ಸೀಸನ್, ವರ್ಷದ ಅರ್ಧ ಸಂಪಾದನೆ ಅಲ್ಲೇ. ಕೈಯಲ್ಲಿದ್ದ 23 ಲಗ್ನಪತ್ರಿಕೆಗಳೂ ನಿಂತವು. ಮುಂಗಡ ವಾಪಸ್ ಕೊಡಬೇಕು ಅಂತ ಒಬ್ಬೊಬ್ಬರಿಗೇ ಫೋನ್ ಮಾಡಿದೆ. 23ರಲ್ಲಿ 19 ಮನೆಯವರು ಬೇಡ ಅಂದರು. "ಇಟ್ಕೊಳ್ಳಮ್ಮ, ಇವತ್ತಲ್ಲ ನಾಳೆ ಮದುವೆ ಆಗೇ ಆಗುತ್ತೆ, ಆಗ ಮಾಡಿಕೊಡು" ಅಂದರು ಒಬ್ಬ ಅಜ್ಜ. ಅವರ ಮನೆಯಲ್ಲೂ ಆಗ ಕಷ್ಟವೇ ಇತ್ತು. ಆ 19 ಮನೆಗಳ ಮುಂಗಡದಲ್ಲಿ ನಾವು ಮೂರು ತಿಂಗಳು ಉಂಡಿದ್ದೇವೆ. ನಿಮಗೆಲ್ಲ ಆಗ ಸರಿಯಾಗಿ ಹೇಳಲಾಗಲಿಲ್ಲ, ಈಗ ಹೇಳುತ್ತಿದ್ದೇನೆ. ತುಂಬಾ ಉಪಕಾರವಾಯಿತು.

ಅದೇ ಹೊತ್ತಿಗೆ ನಮ್ಮ ಬೀದಿಯಲ್ಲೇ ತೆರಿಗೆ ಲೆಕ್ಕ ನೋಡುವ ಅಕ್ಕ ನನ್ನನ್ನು ಕೂರಿಸಿಕೊಂಡು, ಸಣ್ಣ ಉದ್ಯಮಗಳ ಹೆಸರು ದಾಖಲಿಸುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದರು. ಆ ಪೋರ್ಟಲ್ 2020ರ ಜುಲೈನಲ್ಲಿ ಶುರುವಾಗಿತ್ತು. ಶುಲ್ಕ ಏನೂ ಇಲ್ಲ. ನಮ್ಮಂಥ ಒಂಟಿ ಡಿಸೈನರ್ ಕೂಡ ಸರ್ಕಾರದ ಲೆಕ್ಕದಲ್ಲಿ ಒಂದು ಸಣ್ಣ ಉದ್ಯಮ ಅಂತ ನನಗೆ ಗೊತ್ತೇ ಇರಲಿಲ್ಲ. 2006ರ ಕಾಯ್ದೆ ಪ್ರಕಾರ ಇಂಥ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು, ಏನೇ ಕರಾರು ಬರೆದುಕೊಂಡಿದ್ದರೂ, 45 ದಿನಕ್ಕಿಂತ ಜಾಸ್ತಿ ತಡೆಯುವಂತಿಲ್ಲ. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಆ 84,000 ಬರಲಿಲ್ಲ. ಆದರೆ ಅವತ್ತಿನಿಂದ ನನ್ನ ಪ್ರತಿ ಬಿಲ್ಲಿನ ಕೆಳಗೆ ಉದ್ಯಮ್ ನಂಬರು ಮತ್ತು ಆ 45 ದಿನದ ಸಾಲು ಇರುತ್ತದೆ. ದೊಡ್ಡ ಕಚೇರಿಗಳ ಅಕೌಂಟ್ಸ್‌ನವರು ಅದನ್ನು ಓದುತ್ತಾರೆ. ಈ ಒಂದು ಸಾಲಿನಿಂದ ನನಗೆ ಎಷ್ಟು ಸಲ ಫೋನ್ ಮಾಡುವುದು ತಪ್ಪಿದೆಯೋ! ಡಿಸೈನ್ ಮಾಡುವ ಮಕ್ಕಳೇ, ದಯವಿಟ್ಟು ಇದನ್ನು ಮಾಡಿಸಿಕೊಳ್ಳಿ.

ಇನ್ನು ಅಕ್ಷರ ತಿದ್ದಿದವರು. ಇವರ ಬಗ್ಗೆ ಎಷ್ಟು ಬರೆದರೂ ಕಡಿಮೆ.

ನನ್ನ ಮೊದಲ ಮುಖಪುಟ ಪ್ರೆಸ್ಸಿಗೆ ಹೋದಾಗ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕದಲ್ಲಿ ಬಿದ್ದಿದ್ದವು. 'ಕ್ತ' ಅನ್ನುವುದು ಕ, ಅದಕ್ಕೊಂದು ಅರ್ಧಾಕ್ಷರದ ಗುರುತು, ಆಮೇಲೆ ತ ಅಂತ ಬಿಡಿಬಿಡಿಯಾಗಿತ್ತು. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳಿಗೆ ಬೇಕಾದ ಸೆಟ್ಟಿಂಗ್ ಬೇರೆಯೇ ಇರುತ್ತದೆ, ಅದನ್ನು ಆರಿಸದಿದ್ದರೆ ಹೀಗಾಗುತ್ತದೆ. ನನಗೆ ಗೊತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತಿದ್ದ ಅಕ್ಕ ಪ್ಲೇಟ್ ಹಾಕುವ ಮುಂಚೆ ನೋಡಿದರು. ಇಲ್ಲದಿದ್ದರೆ ಸಾವಿರ ಪ್ರತಿ ಹಾಗೇ ಅಚ್ಚಾಗುತ್ತಿತ್ತು. ಅವರು ಇಪ್ಪತ್ತು ವರ್ಷದಿಂದ ನುಡಿ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳಲ್ಲಿ ಟೈಪ್ ಮಾಡಿದವರು. ಲೇಖಕರು ನುಡಿಯಲ್ಲಿ ಕಳಿಸಿದ್ದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸುವಾಗ ಎಲ್ಲಿ ಅರ್ಕಾವತ್ತು ಜಾರುತ್ತದೆ, ಎಲ್ಲಿ ಒತ್ತು ತಪ್ಪುತ್ತದೆ ಅಂತ ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ನನ್ನ ಹೆಸರು ಬಂದಿರುವ ಅರವತ್ತಕ್ಕೂ ಹೆಚ್ಚು ಮುಖಪುಟಗಳಲ್ಲಿ ಅವರು ನೋಡದೇ ಹೋದದ್ದು ಒಂದೂ ಇಲ್ಲ. ಪುಸ್ತಕದೊಳಗೆ ಅವರ ಹೆಸರು ಹಾಕಿ ಅಂತ ನಾನು ಈಗ ಪ್ರಕಾಶಕರನ್ನು ಕೇಳುತ್ತೇನೆ. ಮೂವರು ಒಪ್ಪಿದ್ದಾರೆ.

ಅಕ್ಷರವನ್ನು ಎಲ್ಲರಿಗೂ ಬಿಟ್ಟುಕೊಟ್ಟವರನ್ನೂ ನೆನೆಯಬೇಕು. ನಾನು ಶುರು ಮಾಡಿದಾಗ ಶೀರ್ಷಿಕೆಗೆ ಒಪ್ಪುವ ಒಳ್ಳೆಯ ಕನ್ನಡ ಫಾಂಟು ಹುಡುಕಿದರೂ ಸಿಗುತ್ತಿರಲಿಲ್ಲ. ಆಮೇಲೆ ಏಕ್ ಟೈಪ್‌ನವರ ಬಾಲೂ ತಮ್ಮ ಬಂತು, ಅನೇಕ್ ಕನ್ನಡ ಬಂತು. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೋ ಮಾಡಿದ ಅಕಾಯ ಕನಡಕ (Akaya Kanadaka) ಬಂತು. ಎಲ್ಲವೂ ಮುಕ್ತ ಪರವಾನಗಿಯವು. ದುಡ್ಡಿಗೆ ಮಾಡುವ ಕೆಲಸದಲ್ಲೂ ಒಂದು ಪೈಸೆ ಕೊಡದೆ ಬಳಸಬಹುದು. ಒಂದು ಫಾಂಟಿನ ಹಿಂದೆ ಎಷ್ಟು ತಿಂಗಳ ಕೆಲಸ ಇರುತ್ತದೆ ಅಂತ ಗೊತ್ತಿರುವವರಿಗೆ ಇದು ಎಂಥ ಕೊಡುಗೆ ಅಂತ ಅರ್ಥವಾಗುತ್ತದೆ ಅಲ್ವಾ?

2022ರಲ್ಲಿ ಬಲ ಮಣಿಕಟ್ಟು ಕೈಕೊಟ್ಟಿತು. ಮೌಸ್ ಹಿಡಿದರೆ ಮೊಣಕೈವರೆಗೂ ನೋವು. ಮೂರು ತಿಂಗಳು ಕೆಲಸ ಇಲ್ಲ. ಕಾದವರಿಗೆಲ್ಲ ಧನ್ಯವಾದ. ಅದರಲ್ಲೂ ಪುಸ್ತಕ ಬಿಡುಗಡೆಯ ದಿನವನ್ನೇ ಮುಂದೆ ಹಾಕಿದ ಆ ಧಾರವಾಡದ ಪ್ರಕಾಶಕರಿಗೆ. ಈಗ ಎಡಗೈಯಲ್ಲೂ ಮೌಸ್ ಹಿಡಿಯುತ್ತೇನೆ.

ಕೊನೆಗೆ ಚಿಕ್ಕಪ್ಪ. ಹರಿಹರದಲ್ಲಿ ಅವರು ಬೋರ್ಡು ಬರೆಯುತ್ತಿದ್ದರು. ಅಂಗಡಿ ಬೋರ್ಡು, ಗೋಡೆ ಬರಹ, ಲಾರಿಯ ಹಿಂದಿನ ಹಲಗೆ. ನಾನು ಚಿಕ್ಕವಳಿದ್ದಾಗ ಅವರ ಬ್ರಷ್ ತೊಳೆದು ಕೊಡುತ್ತಿದ್ದೆ. "ಮೊದಲು ಒತ್ತಿಗೆ ಜಾಗ ಬಿಡವ್ವಾ, ಆಮೇಲೆ ಗೆರಿ ಹಾಕು" ಅನ್ನುತ್ತಿದ್ದರು. ಇಂಗ್ಲಿಷ್ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಕಲಿತ ಟೈಪೋಗ್ರಫಿಯ, ಅಂದರೆ ಅಕ್ಷರ ಜೋಡಿಸುವ ಕಲೆಯ, ಮೊದಲ ಮಾತು ಅದು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಹೋಯಿತು. ಮನೆಗಳಿಗೆ ಬಣ್ಣ ಹೊಡೆಯಲು ಹೋಗತೊಡಗಿದರು. ಹದಿನೈದು ವರ್ಷ ಅಕ್ಷರಕ್ಕೆ ಯಾರೂ ಅವರಿಗೆ ದುಡ್ಡು ಕೊಡಲಿಲ್ಲ.

2024ರ ಶುರುವಿನಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅನ್ನುವ ನಿಯಮ ಬಿಗಿಯಾಯಿತು. ಬೆಂಗಳೂರಿನ ಅಂಗಡಿಗಳಿಗೆ ಫೆಬ್ರವರಿ 28ರ ಗಡುವು. ಏಳು ಕಡೆ ಅಂಗಡಿ ಇರುವ ಬಟ್ಟೆ ವ್ಯಾಪಾರಿಯೊಬ್ಬರು ನನಗೆ ಫೋನ್ ಮಾಡಿದರು. ಅವರ ಬಳಿ ಇದ್ದ ಕನ್ನಡ ಹೆಸರು ಯಾವುದೋ ಫಾಂಟನ್ನು ಅಡ್ಡಕ್ಕೆ ಎಳೆದು ಕೂರಿಸಿದ್ದು. ಚಿಕ್ಕಪ್ಪನಿಗೆ ತೋರಿಸಿದೆ. "ಇದು ಅಕ್ಷರ ಅಲ್ಲವ್ವಾ, ರಬ್ಬರು. ಕಾಗದ ತಾ ಇಲ್ಲಿ" ಅಂದರು. ಎರಡು ರಾತ್ರಿ ನೆಲದ ಮೇಲೆ ಕೂತು ಚಪ್ಪಟೆ ಬ್ರಷ್‌ನಲ್ಲಿ ಆ ಹೆಸರನ್ನು ಮೂವತ್ತು ಸಲ ಬರೆದರು. ಒಂದನ್ನು ಆರಿಸಿಕೊಂಡು ಸ್ಕ್ಯಾನ್ ಮಾಡಿ, ಗೆರೆ ತಿದ್ದಿ, ಏಳು ಬೋರ್ಡಿಗೂ ಅದನ್ನೇ ಕಳಿಸಿದೆ. ಬಂದ ದುಡ್ಡಲ್ಲಿ ಅರ್ಧ ಅವರದು. ತಗೊಳ್ಳಲು ಒಪ್ಪಲಿಲ್ಲ, ಮಸಾಲೆ ಅಮ್ಮನ ಲೆಕ್ಕ ಹೇಳಿದ ಮೇಲೆ ತಗೊಂಡರು. ಆಮೇಲೆ ಮೆಲ್ಲಗೆ ಕೇಳಿದರು, ಮೂಲೆಯಲ್ಲಿ ಚಿಕ್ಕದಾಗಿ ಹೆಸರು ಹಾಕಬಹುದಾ ಅಂತ. ಹಿಂದೆಲ್ಲ ಬೋರ್ಡು ಬರೆದವರು ಹಾಗೆ ಹಾಕುತ್ತಿದ್ದರು. ವ್ಯಾಪಾರಿ ಆಗಲಿ ಅಂದರು. ಏಳು ಬೋರ್ಡಿನಲ್ಲೂ ಚಿಕ್ಕಪ್ಪನ ಹೆಸರಿದೆ.

ಈಗ ತಿಂಗಳಿಗೆ ಒಂದೆರಡಾದರೂ ಅಂಥ ಕೆಲಸ ಬರುತ್ತದೆ, ಇಬ್ಬರೂ ಕೂತು ಮಾಡುತ್ತೇವೆ. ಚಿಕ್ಕಪ್ಪಾ, ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು. ಸಂಜೆ ನಾನೇ ಓದಿ ಹೇಳುತ್ತೇನೆ.

ನಾಳೆ 413ನೇ ಬಿಲ್ ಬರೆಯಬೇಕು. ಮಸಾಲೆ ಅಮ್ಮ ಹೊಸದಾಗಿ ಚಟ್ನಿಪುಡಿ ಶುರು ಮಾಡಿದ್ದಾರೆ. ನಾಲ್ಕು ದಿನದ ಕೆಲಸ.