ಹೊಳೆಗೆ ಮುಖ ಮಾಡಿದ ಕೋಣೆ

ಬ್ಯಾಂಕಾಕ್
14 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮ, ಅಪ್ಪಯ್ಯ, ಅಜ್ಜಿ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನ್ ಮಾಡಿದಾಗ ನಿಮ್ಮ ಕಡೆ ನೆಟ್‌ವರ್ಕ್ ಮತ್ತೆ ಕೈಕೊಟ್ಟಿತು. "ಎಲ್ಲಿ ಉಳ್ಕೊಂಡಿದ್ದೀ, ರಾತ್ರಿ ಬಾಗಿಲು ಭದ್ರ ಇದ್ಯಾ" ಅಂತ ಅಮ್ಮ ಕೇಳಿದ್ದಷ್ಟೇ ಕೇಳಿಸಿತು. ಆಮೇಲೆ ಬರೀ ಮಳೆ ಸದ್ದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮ, ಇದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು. ಎಡಗಡೆ ಕೂತು ಓದು, ಬಲಗಿವಿ ಮಂದ ಅಲ್ವಾ.

ಬಾಗಿಲು ಭದ್ರವಾಗಿದೆ. ಬೀಗದಕೈ ಬದಲು ಒಂದು ಕಾರ್ಡು ಕೊಟ್ಟಿದ್ದಾರೆ, ಲಿಫ್ಟಿಗೂ ಅದೇ ಕಾರ್ಡು ಬೇಕು. ಕೆಳಗೆ ರಾತ್ರಿಯಿಡೀ ಜನ ಎಚ್ಚರ ಇರುತ್ತಾರೆ. ಆ ಚಿಂತೆ ಬಿಡು.

ಆಫೀಸಿನ ಕೆಲಸ ಶುಕ್ರವಾರಕ್ಕೆ ಮುಗಿಯಿತು. ಐದು ದಿನ ಕಂಪನಿಯವರು ಊರ ನಡುವಿನ ಹೋಟೆಲಿನಲ್ಲಿ ಇಟ್ಟಿದ್ದರು. ದೊಡ್ಡ ಹೋಟೆಲೇ, ಆದರೆ ಪರದೆ ಸರಿಸಿದರೆ ಎದುರು ಕಟ್ಟಡದ ಏಸಿ ಡಬ್ಬಗಳು. ಸಿಂಗಪುರಕ್ಕೆ ವಾಪಸ್ ಹೋಗುವ ಮೊದಲು ಮೂರು ರಾತ್ರಿ ನನ್ನದೇ ದುಡ್ಡಿನಲ್ಲಿ ಹೊಳೆ ಪಕ್ಕ ಇರಬೇಕು ಅನ್ನಿಸಿತು. ಚಾವೋ ಫ್ರಾಯಾ ಅಂತ ಈ ಹೊಳೆಯ ಹೆಸರು. ಊರಿನ ನಡುವೆ ಹಾವಿನ ಹಾಗೆ ಬಳುಕಿಕೊಂಡು ಹೋಗುತ್ತದೆ.

ಅಪ್ಪಯ್ಯ ಮೊದಲು ಲೆಕ್ಕ ಕೇಳುತ್ತಾರೆ ಅಂತ ಗೊತ್ತು. ಒಂದು ರಾತ್ರಿಗೆ 2,100 ಬಾತ್, ಬೆಳಗಿನ ತಿಂಡಿ ಸೇರಿ. ನಮ್ಮ ದುಡ್ಡಲ್ಲಿ ಆರು ಸಾವಿರದ ಹತ್ತಿರ. ಜಾಸ್ತಿ ಅನ್ನಿಸಬಹುದು. ಆದರೆ ಇದೇ ಹೊಳೆಯ ಆಚೆ ದಡದಲ್ಲಿ 1876ರಷ್ಟು ಹಳೆಯ ಓರಿಯೆಂಟಲ್ ಹೋಟೆಲ್ ಇದೆ, ಅಲ್ಲಿ ಇದರ ಎಷ್ಟೋ ಪಟ್ಟು ಕೊಡಬೇಕು. ನನ್ನದು ಈಚೆ ದಡ, ಥೊನ್‌ಬುರಿ ಕಡೆ. ಮೆಟ್ರೋ ರೈಲು ಪಕ್ಕದಲ್ಲಿಲ್ಲ, ಅದಕ್ಕೆ ಬೆಲೆ ಇಳಿದಿದೆ. ಮೇಲಾಗಿ ಇಲ್ಲೂ ಈಗ ಮಳೆಗಾಲ. ಅಕ್ಟೋಬರ್ ಮುಗಿದು ಚಳಿ ಶುರುವಾದರೆ ಪ್ರವಾಸಿಗಳು ತುಂಬುತ್ತಾರೆ, ಕೋಣೆಗಳ ಬೆಲೆಯೂ ಏರುತ್ತದೆ. ಹೊಳೆ ಕಾಣದ ಹಿಂದಿನ ಕೋಣೆ 400 ಬಾತ್ ಕಡಿಮೆಗೆ ಸಿಗುತ್ತಿತ್ತು. ಅಷ್ಟು ಉಳಿಸಿ ಏನು ಮಾಡಲಿ? ಬಂದಿದ್ದೇ ಹೊಳೆ ನೋಡಲು.

ಮೊದಲು ಇಲ್ಲಿ ಅಕ್ಕಿ ಗೋದಾಮು ಇತ್ತಂತೆ. ಅದನ್ನು ಕೆಡವದೆ ತಿಂಡಿ ಮನೆ ಮಾಡಿದ್ದಾರೆ, ಹಿಂದುಗಡೆ ಏಳು ಮಹಡಿಯ ಹೊಸ ಕಟ್ಟಡ ಎಬ್ಬಿಸಿದ್ದಾರೆ. ನನ್ನದು ಆರನೇ ಮಹಡಿ. ಕೋಣೆ ನಮ್ಮ ಜಗಲಿಯಷ್ಟೇ ಅಗಲ. ಆದರೆ ಎಷ್ಟು ಯೋಚನೆ ಮಾಡಿ ಕಟ್ಟಿದ್ದಾರೆ! ಹೊಳೆ ಕಡೆಯ ಗೋಡೆ ಪೂರ್ತಿ ಗಾಜು. ಗಾಜಿನ ಬುಡದಲ್ಲಿ ಉದ್ದಕ್ಕೂ ಮೊಣಕಾಲೆತ್ತರದ ಮರದ ಕಟ್ಟೆ, ಅದರ ಮೇಲೆ ತೆಳ್ಳನೆ ಹಾಸು, ಒರಗಲು ದಿಂಬು. ಹಳೆಯ ದೋಣಿಯ ತೇಗದ ಹಲಗೆ ಅದು. ಮೊಳೆ ಕಿತ್ತ ತೂತುಗಳು ಸಾಲಾಗಿ ಹಾಗೇ ಇವೆ, ಸುತ್ತ ಕಬ್ಬಿಣದ ಕಪ್ಪು ಕಲೆ. ಮುಚ್ಚಲು ಹೋಗಿಲ್ಲ. ಕೈಯಾಡಿಸಿದರೆ ನಮ್ಮನೆ ತೂಗುಮಣೆಯಷ್ಟೇ ನುಣುಪು. ನೆಲ ಕೆಂಪು ಗಾರೆ. ಬರಿಗಾಲಲ್ಲಿ ನಡೆದಾಗ ಮನೆಗೇ ಬಂದ ಹಾಗಾಯಿತು. ಚಿನ್ನದ ಬಣ್ಣ, ಗಾಜಿನ ಗೊಂಚಲು ದೀಪ, ಅಂಥ ಆಡಂಬರ ಏನೂ ಇಲ್ಲ. ಚಂದ ಅಂದರೆ ಇದು ಚಂದ ಅನ್ನಿಸಿತು ನನಗೆ.

ಈಗ ಅದೇ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಳಗೆ ಸಣ್ಣ ಹಡಗೊಂದು ಮೂರು ದೊಡ್ಡ ಸರಕು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದೆ. ಕೊನೆಯ ದೋಣಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಾಳೆ, ಪಕ್ಕದಲ್ಲಿ ನಾಯಿ ಮಲಗಿದೆ. ಅಂತರಗಂಗೆ ಗಿಡಗಳು ಹಿಂಡು ಹಿಂಡಾಗಿ ತೇಲಿ ಬರುತ್ತಿವೆ. ನೀರು ನಮ್ಮ ಆಷಾಢದ ಹೊಳೆಯ ಬಣ್ಣ, ಕೆಮ್ಮಣ್ಣು ಕಲಸಿದ ಹಾಗೆ. ದೂರದಲ್ಲಿ ವಾಟ್ ಅರುಣ್ ದೇವಾಲಯದ ತುದಿ ಕಾಣುತ್ತದೆ. ಅರುಣ್ ಅಂದರೆ ನಮ್ಮ ಅರುಣನೇ. ಅಪ್ಪಯ್ಯ, ನಿಮಗೆ ಇದು ಖುಷಿ ಕೊಡುತ್ತದೆ: ಇಲ್ಲಿನವರು ಬ್ಯಾಂಕಾಕ್ ಅನ್ನುವುದೇ ಇಲ್ಲ, ಕ್ರುಂಗ್ ತೇಪ್ ಅನ್ನುತ್ತಾರೆ. ತೇಪ್ ಅಂದರೆ ದೇವ. ನಖೊನ್ ಅಂದರೆ ನಗರ. ಬೋರ್ಡು ಓದಲು ಬರುವುದಿಲ್ಲ, ಆದರೂ ಯಾರಾದರೂ ಓದಿ ಹೇಳಿದರೆ ಅರ್ಧ ನಮ್ಮದೇ ಮಾತು.

ಅಜ್ಜಿ, ಇನ್ನು ನಿನಗೆ ಹೇಳಬೇಕಾದ್ದು.

ನಮ್ಮ ಹೋಟೆಲಿನ ಮುಂದೆ ದೋಣಿ ಹತ್ತಲು ಒಂದು ಕಬ್ಬಿಣದ ಕಟ್ಟೆ ಇದೆ. ಅದು ನೀರಿನ ಮೇಲೆ ತೇಲುತ್ತದೆ. ದಡದಿಂದ ಅದಕ್ಕೆ ಒಂದು ಕಾಲುಸಂಕ. ಶನಿವಾರ ಬೆಳಿಗ್ಗೆ ಹೋದಾಗ ಆ ಸಂಕ ಕಡಿದಾಗಿತ್ತು, ಹಿಡಿಕೆ ಹಿಡಿದು ಇಳಿದೆ. ಮಧ್ಯಾಹ್ನ ವಾಪಸ್ ಬಂದಾಗ ಅದೇ ಸಂಕ ಸಪಾಟು! ಕಟ್ಟೆಯೇ ಮೇಲೆ ಬಂದುಬಿಟ್ಟಿದೆ. ಮಳೆಯೂ ಬಂದಿರಲಿಲ್ಲ. ಕೇಳಿದರೆ, ಇಲ್ಲಿಂದ ಸಮುದ್ರ ಹತ್ತಿರ, ಉಬ್ಬರ ಬಂದಾಗ ನೀರು ಕೆಳಗಿಂದ ಏರುತ್ತದೆ ಅಂದರು.

ನೀರು ಕೆಳಗಿಂದ ಏರುತ್ತದೆ. ಈ ಮಾತು ಕೇಳಿ ಎದೆ ಧಸಕ್ ಅಂದಿತು ಅಜ್ಜಿ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ವರ್ಷದ ಕಥೆ ಹೇಳುವಾಗ ನೀನು ಯಾವಾಗಲೂ ಇದೇ ಹೇಳುತ್ತಿದ್ದೆ. "ಮಳೆಗಾಲದ ಹೊಳೆ ಮೇಲಿಂದ ಬರ್ತದೆ ಮಗಾ, ಅದು ಗೊತ್ತಿದ್ದದ್ದೇ. ಆ ವರ್ಷ ನೀರು ಕೆಳಗಿಂದ ಬಂತು. ಮೊದಲು ಗದ್ದೆ, ಆಮೇಲೆ ತೋಟ, ಆಮೇಲೆ ಅಂಗಳ." ನೀನು ಆಗ ಹೊಸ ಮದುವಣಗಿತ್ತಿ. ಶರಾವತಿ ತಿರುಗಿ ನಿಮ್ಮ ಮೇಲೇ ಬಂದ ಹಾಗಾಯಿತು. ಅಜ್ಜಯ್ಯ ಮೇಲಿನ ದಿಬ್ಬದಲ್ಲಿ ಹೊಸ ಮನೆ ಕಟ್ಟಿದಾಗ ಜಗಲಿಯನ್ನು ಗುಡ್ಡದ ಕಡೆಗೆ ತಿರುಗಿಸಿದ್ದು ಅದಕ್ಕೇ ಅಲ್ವಾ? ಹಿನ್ನೀರಿನ ಕಡೆ ನಮ್ಮ ಮನೆಗೆ ಒಂದು ಸಣ್ಣ ಕಿಟಕಿಯೂ ಇಲ್ಲ. ಚಿಕ್ಕವಳಿದ್ದಾಗ ಇದು ನನಗೆ ಗೊತ್ತೇ ಆಗಿರಲಿಲ್ಲ. ಈ ಗಾಜಿನ ಮುಂದೆ ಕೂತಾಗ ಗೊತ್ತಾಯಿತು.

ಇಲ್ಲಿ ಏರಿದ ನೀರು ಸಂಜೆಗೆ ಇಳಿಯಿತು. ಸಂಕ ಮತ್ತೆ ಕಡಿದಾಯಿತು. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ.

ಆ ದಿನ ಸಾಯಂಕಾಲ ದೋಣಿಯಲ್ಲಿ ತಿರುಗಾಡಿದೆ. ಕಿತ್ತಳೆ ಬಾವುಟದ ದೋಣಿ ಅಂತ ಇದೆ, ನಮ್ಮ ಸಿಟಿ ಬಸ್ಸಿನ ಹಾಗೆ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುತ್ತದೆ. ನಾನು ಕೊಟ್ಟಿದ್ದು 16 ಬಾತ್. ಟಿಕೆಟ್ ಕೊಡುವ ಹೆಂಗಸಿನ ಕೈಯಲ್ಲಿ ಉದ್ದನೆಯ ತಗಡಿನ ಕೊಳವೆ, ಅದರೊಳಗೇ ಚಿಲ್ಲರೆ, ಅದರೊಳಗೇ ಟಿಕೆಟ್ಟು. ಅದನ್ನು ಟಕಟಕ ಬಡಿದುಕೊಂಡು ಜನರ ನಡುವೆ ನುಗ್ಗುತ್ತಾಳೆ. ಬೌದ್ಧ ಭಿಕ್ಷುಗಳಿಗೆ ಬೇರೆ ಜಾಗ. ನನಗೆ ತುಂಬಾ ಇಷ್ಟವಾದದ್ದು ಹಿಂದುಗಡೆ ಹಗ್ಗ ಹಿಡಿದು ನಿಲ್ಲುವವನು. ಚಾಲಕ ಮುಂದೆ ಇರುತ್ತಾನೆ, ಅವನಿಗೆ ಹಿಂದೆ ಏನೂ ಕಾಣುವುದಿಲ್ಲ. ಇವನು ಬಾಯಲ್ಲಿ ಸೀಟಿ ಕಚ್ಚಿಕೊಂಡು, ಒಂದೊಂದು ಊದಿಗೆ ಒಂದೊಂದು ಅರ್ಥ ಕೊಟ್ಟು, ಅಷ್ಟು ದೊಡ್ಡ ದೋಣಿಯನ್ನು ಕಟ್ಟೆಗೆ ತಂದು ಒರಗಿಸುತ್ತಾನೆ. ಕೊನೆಗೊಂದು ಉದ್ದ ಸೀಟಿ. ಹಗ್ಗ ಎರಡು ಸುತ್ತು ಗೂಟಕ್ಕೆ. ಜನ ಇಳಿದು ಹತ್ತುವಷ್ಟರಲ್ಲಿ ಹಗ್ಗ ಬಿಚ್ಚಿ ಹೊರಟೇಬಿಟ್ಟ. ನಾಲ್ಕು ನಿಲ್ದಾಣ ಅವನನ್ನೇ ನೋಡಿದೆ. ಅಂಬಾರಗೋಡ್ಲಲ್ಲಿ ಹಿನ್ನೀರು ದಾಟಿಸುವ ಲಾಂಚ್ ಬಂದು ನಿಂತಾಗ ಅಪ್ಪಯ್ಯನ ಹೆಗಲ ಮೇಲೆ ಕೂತು ನೋಡುತ್ತಿದ್ದದ್ದು ನೆನಪಾಯಿತು. ಬಸ್ಸು, ಜೀಪು, ದನ, ಸಿಗಂದೂರು ಯಾತ್ರಿಕರು, ಎಲ್ಲ ಒಂದೇ ಲಾಂಚಿನಲ್ಲಿ.

ಆ ರಾತ್ರಿ ಒಂದು ಫಜೀತಿಯಾಯಿತು. ಆಚೆ ದಡದ ಸಾಥೊರ್ನ್ ಕಟ್ಟೆಯಿಂದ ನಮ್ಮ ಹೋಟೆಲಿನವರು ಪುಕ್ಕಟೆ ದೋಣಿ ಬಿಡುತ್ತಾರೆ. ಕೊನೆಯದು ಎಂಟಕ್ಕೆ. ಮಳೆ ಹಿಡಿದುಕೊಂಡಿತು, ನಾನು ತಲುಪಿದಾಗ ಎಂಟು ಐದು. ದೋಣಿಯ ಹಿಂದಿನ ದೀಪ ಹೊಳೆ ನಡುವೆ ಕಾಣುತ್ತಿತ್ತು. ಆ ಕ್ಷಣ ನನಗೆ ಬ್ಯಾಂಕಾಕ್ ಮರೆತೇಹೋಯಿತು. ಅಜ್ಜಯ್ಯನಿಗೆ ಎದೆನೋವು ಬಂದ ರಾತ್ರಿ, ಲಾಂಚ್ ಇಲ್ಲದೆ ನಮ್ಮ ದಡದ ಕಳಸವಳ್ಳಿಯಲ್ಲಿ ಬೆಳಗಾಗುವುದನ್ನೇ ಕಾದು ಕೂತಿದ್ದು ಕಣ್ಣ ಮುಂದೆ ಬಂತು. ಕಾಲು ಸೋತು ಅಲ್ಲೇ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಏನೂ ಕೇಳದೆ ನನ್ನ ತೋಳು ಹಿಡಿದು ಪಕ್ಕದ ಕಟ್ಟೆ ತೋರಿಸಿದಳು. ಆಚೆ ಈಚೆ ದಾಟಿಸುವ ಸಣ್ಣ ದೋಣಿ ಅಲ್ಲಿತ್ತು. ಕೆಲವೇ ಬಾತ್, ಐದು ನಿಮಿಷ. ದಾಟಿದ ಮೇಲೆ ಅವಳಿಗೆ ಕೈ ಮುಗಿದೆ. ಇಲ್ಲಿಯವರೂ ಕೈ ಮುಗಿದೇ ನಮಸ್ಕಾರ ಮಾಡುತ್ತಾರೆ, ಹಾಗಾಗಿ ಮಾತು ಬೇಕಾಗಲಿಲ್ಲ.

ಈ ಜುಲೈ 14ರಂದು ನಮ್ಮ ಹಿನ್ನೀರಿನ ಸೇತುವೆ ಉದ್ಘಾಟನೆಯಾದ ದಿನ ಅಪ್ಪಯ್ಯ ವಿಡಿಯೋ ಕಳಿಸಿದ್ದರಲ್ಲ, ಅದನ್ನು ನಿನ್ನೆ ರಾತ್ರಿ ಮತ್ತೆ ನೋಡಿದೆ. 2.44 ಕಿಲೋಮೀಟರ್. ನಾನಿನ್ನೂ ಅದರ ಮೇಲೆ ಕಾಲಿಟ್ಟಿಲ್ಲ. ಇನ್ನು ಯಾರೂ ನಮ್ಮೂರಲ್ಲಿ ಬೆಳಗಿಗೆ ಕಾಯಬೇಕಾಗಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಅಜ್ಜಿ, ಯಾವ ಹೊಳೆ ಕಂಡರೂ "ಈ ನೀರು ಎಲ್ಲಿಂದ ಬರ್ತದೆ" ಅಂತ ಕೇಳುವವಳು ನೀನು. ನಿನ್ನ ಪರವಾಗಿ ಕೇಳಿದೆ. ತಿಂಡಿ ಮನೆಯ ಗೋಡೆ ಮೇಲೆ ಹೊಳೆಯ ನಕ್ಷೆ ಬರೆದಿದ್ದಾರೆ, ಸೂರಿನಿಂದ ನೆಲದವರೆಗೆ. ಕೌಂಟರಿನ ಹುಡುಗಿ ಬೆರಳಿಟ್ಟು ತೋರಿಸಿದಳು. ಉತ್ತರದ ಬೆಟ್ಟಗಳಿಂದ ಪಿಂಗ್, ನಾನ್ ಅಂತ ಎರಡು ಹೊಳೆ ಇಳಿದು ಬರುತ್ತವೆ. ನಖೊನ್ ಸವನ್ ಅನ್ನುವ ಊರಲ್ಲಿ ಎರಡೂ ಕೂಡಿ ಚಾವೋ ಫ್ರಾಯಾ ಆಗುತ್ತದೆ. ಅಲ್ಲಿಂದ ಸಮುದ್ರಕ್ಕೆ 372 ಕಿಲೋಮೀಟರ್. ಊರ ಹೆಸರಿನ ಅರ್ಥ ನಗರ, ಸ್ವರ್ಗ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಹಾಗೇ. ನೀನು ನನ್ನನ್ನು ಕೂಡಲಿಗೆ ಕರೆದುಕೊಂಡು ಹೋಗಿ ಎರಡು ನೀರನ್ನೂ ಒಂದೇ ಬೊಗಸೆಯಲ್ಲಿ ಕುಡಿಸಿದ್ದೆ, ನೆನಪಿದೆಯಾ?

ಆ ಪಿಂಗ್ ಹೊಳೆಗೆ ಮೇಲೆ ಒಂದು ದೊಡ್ಡ ಅಣೆಕಟ್ಟು ಇದೆ. ಭೂಮಿಬೋಲ್ ಅಂತ, 154 ಮೀಟರ್ ಎತ್ತರ. ನಕ್ಷೆಯಲ್ಲಿ ಅದರ ಹಿಂದೆ ನೀಲಿ ಬಣ್ಣ ಉದ್ದಕ್ಕೆ ಹರಡಿದೆ. ಅದು ಶುರುವಾದ ವರ್ಷ ನೋಡಿ ನನಗೆ ಮಾತೇ ಹೊರಡಲಿಲ್ಲ. 1964. ನಮ್ಮ ಲಿಂಗನಮಕ್ಕಿಯ ವರ್ಷ. ಅಲ್ಲೂ ಊರುಗಳು ಮುಳುಗಿದವು. ನೀನು ಅಂಗಳದ ತುಳಸಿ ಕಟ್ಟೆ ಬಿಟ್ಟು ಬಂದ ಆ ದಿನಗಳಲ್ಲೇ ಅಲ್ಲೂ ಯಾವುದೋ ಸೊಸೆ ಹೀಗೇ ಪಾತ್ರೆ ಪಗಡಿ ಕಟ್ಟಿಕೊಂಡು ಗುಡ್ಡ ಹತ್ತಿರಬೇಕು. ಆ ಊರುಗಳ ಮೇಲೆ ನಿಂತ ನೀರಿನಲ್ಲಿ ಒಂದಷ್ಟು ಈ ಕಿಟಕಿಯ ಕೆಳಗೂ ಹರಿಯುತ್ತದೆ. ಇದನ್ನು ನಿನಗೆ ಹೇಳದೆ ಬರೀ ಚಂದ ಚಂದ ಅಂತ ಬರೆಯಲು ಮನಸ್ಸಾಗಲಿಲ್ಲ.

ಅಮ್ಮ, ಊಟದ ಚಿಂತೆ ನಿನಗೆ ಇದ್ದೇ ಇರುತ್ತದೆ. ಬೆಳಿಗ್ಗೆ ಇಲ್ಲಿ ಜೋಕ್ ಅಂತ ಕೊಡುತ್ತಾರೆ, ನುಚ್ಚಕ್ಕಿ ಗಂಜಿಯೇ. ಮೇಲೆ ಶುಂಠಿ ಎಳೆ ಎಳೆಯಾಗಿ ಹೆಚ್ಚಿ ಹಾಕುತ್ತಾರೆ. ನೀನು ಕಟ್ಟಿಕೊಟ್ಟ ಅಪ್ಪೆಮಿಡಿ ಬಾಟಲಿ ತೆಗೆದೆ, ಅಡುಗೆಯವಳಿಗೂ ಒಂದು ಮಿಡಿ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಚೀಪಿದಳು. ಆಮೇಲೆ ನನ್ನ ತಟ್ಟೆಗೆ ಚಕ್ಕೋತದ ತೊಳೆ ಜಾಸ್ತಿ. ಅಜ್ಜಿಗೆ ಮೀನು ಸೋಕಬಾರದಲ್ಲ, ಅದಕ್ಕೆ ಇಲ್ಲಿ "ಜೇ" ಅನ್ನಬೇಕು. ಹಳದಿ ಬಣ್ಣದ ಚೀಟಿ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಅಂಥ ಅಂಗಡಿ ಎರಡು ಬೀದಿ ಆಚೆ ಇದೆ, ನೋಡಿಕೊಂಡು ಬಂದಿದ್ದೇನೆ.

ಹೌದು, ಕರೆಸಿಕೊಳ್ಳುವ ಯೋಚನೆಯೇ ಮಾಡಿದ್ದೇನೆ. ಅಡಿಕೆ ಕೊಯ್ಲು ಮುಗಿಯಲಿ, ಸುಲಿತ ಆಗಲಿ. ಬೆಂಗಳೂರಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ನಾಲ್ಕು ಗಂಟೆ. ತುಮರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು. ನಾನು ಸಿಂಗಪುರದಿಂದ ಬಂದು ವಿಮಾನ ನಿಲ್ದಾಣದಲ್ಲೇ ಕಾಯುತ್ತೇನೆ. ಅಪ್ಪಯ್ಯ, ಪಾಸ್‌ಪೋರ್ಟಿಗೆ ಮೂವರದ್ದೂ ಅರ್ಜಿ ನಾನು ಇಲ್ಲಿಂದಲೇ ತುಂಬುತ್ತೇನೆ. ಆಧಾರ್ ಕಾರ್ಡಲ್ಲಿ ಅಜ್ಜಿಯ ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಒಮ್ಮೆ ನೋಡಿ, ಫೋಟೋ ತೆಗೆದು ಕಳಿಸಿ. ಆಗ ಕೋಣೆ ಬೆಲೆ ಈಗಿನದಕ್ಕಿಂತ ಜಾಸ್ತಿ ಇರುತ್ತದೆ, ಅದಕ್ಕೆ ಬೇಗ ಹೇಳಿದರೆ ಈಗಲೇ ಕಾದಿರಿಸುತ್ತೇನೆ. ಪಕ್ಕಪಕ್ಕದ ಎರಡು ಕೋಣೆ, ಎರಡೂ ಹೊಳೆ ಕಡೆಗೆ.

ಅಜ್ಜಿ, ನಿನಗೆ ಬೇಡ ಅನ್ನಿಸಿದರೆ ಬಲವಂತ ಇಲ್ಲ. ಪರದೆ ಎಳೆದರೆ ನೀರು ಕಾಣುವುದಿಲ್ಲ. ಆದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ನಿನ್ನ ಕೈ ಹಿಡಿದುಕೊಂಡು ಆ ಕಾಲುಸಂಕ ತೋರಿಸಬೇಕು ಅಂತ ಆಸೆ. ಗಾಜಿನ ಪಕ್ಕದ ಕಟ್ಟೆ ನಿನಗೇ. ಎಲೆ ಅಡಿಕೆ ಸಂಚಿ ಇಡಲು ಜಾಗ ಇದೆ.

ಇಂತಿ,
ನಿಮ್ಮ ಮಗಳು