ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುವ ನರ್ಸ್. ಹನ್ನೊಂದು ವರ್ಷ ಆಯಿತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನನ್ನ ಹೆಸರೂ ಬರೆಯುವುದಿಲ್ಲ. ವರ್ಷಕ್ಕೊಮ್ಮೆ ನನ್ನ ಗುತ್ತಿಗೆ ನವೀಕರಣ ಆಗಬೇಕು, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಕಾರಣ ನಿಮಗೆ ಅರ್ಥ ಆಗುತ್ತದೆ ಅಂದುಕೊಂಡಿದ್ದೇನೆ.

ಈ ಹನ್ನೊಂದು ವರ್ಷದಲ್ಲಿ ಎಷ್ಟು ಮನವಿ ಕೊಟ್ಟಿದ್ದೇವೋ ಲೆಕ್ಕ ಇಟ್ಟಿಲ್ಲ. ಮೇಲಿನವರಿಗೆ, ಅವರ ಮೇಲಿನವರಿಗೆ, ಒಮ್ಮೆ ವಾರ್ಡ್ ನೋಡಲು ಬಂದ ಜನಪ್ರತಿನಿಧಿಯ ಕೈಗೂ ಕೊಟ್ಟೆವು. ಎಲ್ಲದರಲ್ಲೂ ಬೇಡಿಕೆ ಒಂದೇ. ಮೆಡಿಸಿನ್ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಇನ್ನೊಬ್ಬ ನರ್ಸ್ ಕೊಡಿ. ‘ನೋಡೋಣ’ ಅಂದರು, ‘ಮೇಲೆ ಕಳಿಸಿದ್ದೇವೆ’ ಅಂದರು. ಕಳೆದ ತಿಂಗಳು ಆದದ್ದು ಆದ ಮೇಲೆ ನನಗೆ ಸುಮ್ನೆ ಇರಲು ಆಗುತ್ತಿಲ್ಲ, ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಅವತ್ತು ನಮ್ಮ ಗಂಡಸರ ವಾರ್ಡಿನಲ್ಲಿ 42 ಹಾಸಿಗೆಗೆ 47 ರೋಗಿಗಳಿದ್ದರು. ಐದು ಮಂದಿ ನೆಲದ ಮೇಲೆ. ರಾತ್ರಿ ಎಂಟಕ್ಕೆ ಹಿಂದಿನ ಪಾಳಿಯವರಿಂದ ಹ್ಯಾಂಡ್‌ಓವರ್ ತೆಗೆದುಕೊಂಡೆ, ಬೆಳಿಗ್ಗೆ ಎಂಟರವರೆಗೆ ನಾನೊಬ್ಬಳೇ. ಹತ್ತು ಗಂಟೆಯ ಇಂಜೆಕ್ಷನ್‌ಗಳು ಮುಗಿಯುವಾಗ ಹನ್ನೊಂದೂವರೆ. ಸರಿಯಾದ ಹೊತ್ತಿಗೆ ಕೊಡಲು ಆಗುವುದೇ ಇಲ್ಲ, ನಿಜ ಹೇಳಬೇಕಲ್ವಾ. ಒಂದು ಆಂಟಿಬಯೋಟಿಕ್ ಕಲಸಿ, ನಿಧಾನಕ್ಕೆ ಕೊಟ್ಟು, ಚಾರ್ಟಿನಲ್ಲಿ ಬರೆಯಲು ಎಷ್ಟು ನಿಮಿಷ ಬೇಕು ಅಂತ ಯಾರಾದರೂ ಒಮ್ಮೆ ಪಕ್ಕದಲ್ಲಿ ನಿಂತು ನೋಡಿದ್ದಾರಾ?

ರಾತ್ರಿ ಎರಡೂ ಮುಕ್ಕಾಲಿಗೆ 31ನೇ ಹಾಸಿಗೆಯವರ ಉಸಿರು ನಿಂತಿತು. ಓಡಿ ಹೋಗಿ ಎದೆ ಒತ್ತಲು ಶುರು ಮಾಡಿದೆ. 30 ಸಲ ಒತ್ತಬೇಕು, 2 ಸಲ ಅಂಬು ಬ್ಯಾಗಿನಿಂದ, ಅಂದರೆ ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲದಿಂದ, ಉಸಿರು ಕೊಡಬೇಕು, ಮತ್ತೆ 30. ಆಸ್ಪತ್ರೆಯಲ್ಲಿ ಇದು ಒಬ್ಬರ ಕೆಲಸ ಅಂತ ಯಾವ ನರ್ಸಿಂಗ್ ಕಾಲೇಜೂ ಕಲಿಸುವುದಿಲ್ಲ. ಡ್ಯೂಟಿ ಡಾಕ್ಟರ್ ಕ್ಯಾಶುಯಾಲ್ಟಿಯಲ್ಲಿ ಅಪಘಾತದ ಕೇಸ್ ನೋಡುತ್ತಿದ್ದರು. ಅವರಿಗೆ ಫೋನ್ ಮಾಡಬೇಕಾದರೆ ಒತ್ತುವುದನ್ನು ನಿಲ್ಲಿಸಬೇಕು. ಇಂಜೆಕ್ಷನ್ ತುಂಬಬೇಕಾದರೂ ನಿಲ್ಲಿಸಬೇಕು. ಪಕ್ಕದ ರೋಗಿಯ ಮಗ, ಪಿಯುಸಿ ಓದುವ ಹುಡುಗ, ಅಲ್ಲೇ ಕೆಳಗೆ ಮಲಗಿದ್ದ. ಅವನನ್ನೇ ಎಬ್ಬಿಸಿ ಕೈಗೆ ಅಂಬು ಬ್ಯಾಗ್ ಕೊಟ್ಟು, ‘ನಾನು ಹೇಳಿದಾಗ ಎರಡು ಸಲ ಒತ್ತಪ್ಪಾ’ ಅಂದೆ. ಅವನ ಕೈ ನಡುಗುತ್ತಿತ್ತು. ಆದರೂ ಬಿಡದೆ ಒತ್ತಿದ. ಆ ರೋಗಿ ಉಳಿಯಲಿಲ್ಲ.

ಅದೇ ಹೊತ್ತಿನಲ್ಲಿ ವಾರ್ಡಿನ ಆ ತುದಿಯಲ್ಲಿ ಧಡ್ ಅಂತ ಸದ್ದಾಯಿತು. 9ನೇ ಹಾಸಿಗೆಯ ಅಜ್ಜ, ರಕ್ತದಲ್ಲಿ ಸೋಡಿಯಂ ಇಳಿದು ಮಂಕಾಗಿದ್ದವರು, ಎದ್ದು ಹೋಗಲು ನೋಡಿ ಬಿದ್ದಿದ್ದರು. ಆ ಮಂಚದ ಅಡ್ಡ ಕಂಬಿ ಮುರಿದು ತಿಂಗಳುಗಳೇ ಆಗಿದ್ದವು, ಸರಿ ಮಾಡಿಸಿಕೊಡಿ ಅಂತ ಇಂಡೆಂಟ್ ಬರೆದಿದ್ದೆವು. ನನಗೆ ಸದ್ದು ಕೇಳಿತು. ಆದರೆ ಕೈ ತೆಗೆಯುವ ಹಾಗಿರಲಿಲ್ಲ. ಅಜ್ಜನ ಸೊಂಟದ ಮೂಳೆ ಮುರಿಯಿತು. ಬೆಳಿಗ್ಗೆ ಬಂದ ಅವರ ಮಗ ಎಲ್ಲರ ಎದುರಿಗೆ ನನ್ನ ಕೆನ್ನೆಗೆ ಹೊಡೆದರು.

ಅವರ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಜಾಸ್ತಿ ನೋವಾದದ್ದು ಮೂರನೇ ದಿನ ಕೈಗೆ ಬಂದ ನೋಟಿಸ್ ಓದಿ. ‘ರೋಗಿಯ ಮೇಲೆ ನಿಗಾ ವಹಿಸುವಲ್ಲಿ ನಿರ್ಲಕ್ಷ್ಯ, ಏಳು ದಿನದೊಳಗೆ ಉತ್ತರಿಸಿ.’ ಯಾರ ನಿರ್ಲಕ್ಷ್ಯ ಸಾರ್? ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡುವವರ ವಿರುದ್ಧ 2009ರಲ್ಲೇ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಿದೆ, ನರ್ಸ್‌ಗಳೂ ಅದರಲ್ಲಿ ಬರುತ್ತಾರೆ. ದೂರು ಕೊಡುತ್ತೇನೆ ಅಂದೆ. ‘ಗುತ್ತಿಗೆಯವರು ನೀವು, ಯಾಕಮ್ಮಾ ಇಲ್ಲದ ತಲೆನೋವು’ ಅಂದರು ಮೇಲಿನವರು. ನನಗೆ ಹೊಡೆದದ್ದಕ್ಕೆ ಒಂದು ಹಾಳೆ ಕಾಗದವೂ ಆಗಲಿಲ್ಲ. ನೋಟಿಸ್ ಮಾತ್ರ ಮೂರು ಪ್ರತಿ ಆಗಿತ್ತು.

ನಿಯಮ ನಿಮಗೆ ಗೊತ್ತು. ಭಾರತೀಯ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್, ಬೋಧಕ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು, ರಜೆಗೆ ಅಂತ ಮೇಲೆ 30 ಶೇಕಡಾ. ಐದಕ್ಕೆ ಒಬ್ಬರು ಅನ್ನುವುದನ್ನು ಮೂರು ಪಾಳಿಗೆ ಹಂಚಿದರೂ ರಾತ್ರಿ ಹದಿನೈದು ಹಾಸಿಗೆಗೆ ಒಬ್ಬರಿರಬೇಕು. ಅಂದರೆ ನಮ್ಮ ವಾರ್ಡಿಗೆ ಮೂವರು ಬೇಕು. ನಾವು ಮೂವರನ್ನು ಕೇಳುತ್ತಿಲ್ಲ. ಇನ್ನೊಬ್ಬರನ್ನು ಕೇಳುತ್ತಿದ್ದೇವೆ, ಒಬ್ಬರನ್ನು.

ನಾನು ಹೊನ್ನಾವರ ಕಡೆಯವಳು. ಹಳದೀಪುರದ ಅರುಣಾ ಶಾನಭಾಗರ ಹೆಸರು ಕೇಳಿಯೇ ಬೆಳೆದವಳು. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದ ಆ ನರ್ಸ್ ಮೇಲೆ ಅಲ್ಲಿನ ಕೆಲಸಗಾರನೇ ದಾಳಿ ಮಾಡಿದ. ಮತ್ತೆ ಅವರು ಏಳಲೇ ಇಲ್ಲ. 2015ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಸುಮಾರು 42 ವರ್ಷ, ಅಲ್ಲಿನ ನರ್ಸ್‌ಗಳೇ ಅವರನ್ನು ನೋಡಿಕೊಂಡರು. ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದೇ ಕಡೆ ಮಲಗಿ ಆಗುವ ಹುಣ್ಣು, ಅಂದರೆ ಬೆಡ್‌ಸೋರ್ ಆಗದ ಹಾಗೆ ಕಾಪಾಡಿದರು ಅಂತ ದೇಶವೇ ಹೊಗಳಿತು. ಬೆಡ್‌ಸೋರ್ ಆಗದಿರಲು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ನನಗೂ ಅದು ಬರುತ್ತದೆ, ಬಹಳ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ವಾರ್ಡಿನಲ್ಲಿ ಪಾರ್ಶ್ವವಾಯು ಆದವರೇ ಆರು ಮಂದಿ ಇರುವಾಗ, ಒಬ್ಬಳೇ ಯಾರ ಮಗ್ಗುಲು ಬದಲಿಸಲಿ? ಮಗ್ಗುಲು ಬದಲಿಸಲೂ ಇಬ್ಬರು ಬೇಕು. ಹುಣ್ಣಾದ ಮೇಲೆ ಡ್ರೆಸ್ಸಿಂಗ್ ಮಾಡುವವಳೂ ನಾನೇ, ಆ ಹುಣ್ಣು ನನ್ನಿಂದ ಆಯಿತು ಅಂತ ಮನಸ್ಸಿಗೆ ಹಚ್ಚಿಕೊಂಡು ಮನೆಗೆ ಹೋಗುವವಳೂ ನಾನೇ.

ನಮ್ಮ ಹುದ್ದೆಯ ಹೆಸರನ್ನು ಸರ್ಕಾರ ಶುಶ್ರೂಷಾಧಿಕಾರಿ ಅಂತ ಬದಲಿಸಿತು. ಸಂತೋಷ. ಮೇ 12ರ ನರ್ಸ್ ದಿನಾಚರಣೆಗೆ ದೀಪ ಹಚ್ಚಿ ಹೂ ಕೊಡುತ್ತಾರೆ, ಅದೂ ಸಂತೋಷವೇ. ಕೊರೊನಾ ಹೊತ್ತಿನಲ್ಲಿ ಚಪ್ಪಾಳೆಯನ್ನೂ ಕೇಳಿದ್ದೇವೆ. ಆದರೆ ರಾತ್ರಿ ಎರಡೂ ಮುಕ್ಕಾಲಿಗೆ ನನಗೆ ಬೇಕಾಗಿದ್ದದ್ದು ಇನ್ನೊಂದು ಜೊತೆ ಕೈ.

ಜನ ಇಲ್ಲ ಅಂತ ಮಾತ್ರ ಹೇಳಬೇಡಿ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಕಲಿತ ಹುಡುಗಿಯರು ಗಲ್ಫ್‌ಗೆ, ಇಂಗ್ಲೆಂಡಿಗೆ ಹೋಗುತ್ತಾರೆ, ಈಗ ಜರ್ಮನ್ ಭಾಷೆ ಕಲಿತು ಅಲ್ಲಿಗೂ ಹೊರಟಿದ್ದಾರೆ. ಇಲ್ಲೇ ಉಳಿದ ನನ್ನ ಗೆಳತಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ 12,000ಕ್ಕೆ ದುಡಿಯುತ್ತಾಳೆ. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಡಿಮೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು. ಕರೆದರೆ ನಾಳೆಯೇ ಬಂದು ಸೇರುತ್ತಾಳೆ. ಕರೆಯುವವರು ಬೇಕು ಅಷ್ಟೇ.

ಖಾಲಿ ಹುದ್ದೆ ತುಂಬಿ. ಅದಕ್ಕೆ ತಡ ಆಗುವುದಾದರೆ, ಅಷ್ಟರವರೆಗೆ ಮೂವತ್ತಕ್ಕಿಂತ ಹೆಚ್ಚು ರೋಗಿಗಳಿರುವ ಯಾವ ವಾರ್ಡಿನಲ್ಲೂ ರಾತ್ರಿ ಒಬ್ಬಳನ್ನೇ ಬಿಡಬಾರದು ಅಂತ ಒಂದು ಆದೇಶ ಹೊರಡಿಸಿ, ಆ ಇನ್ನೊಬ್ಬಳನ್ನು ಕಳಿಸಿಕೊಡಿ. ನಿಮ್ಮ ಒಂದು ಸಹಿ ಸಾಕು.

ನೋಟಿಸಿಗೆ ಉತ್ತರ ಕೊಟ್ಟಿದ್ದೇನೆ. ಆ ರಾತ್ರಿಯ ಡ್ಯೂಟಿ ಪಟ್ಟಿಯ ನಕಲನ್ನು ಅದರ ಜೊತೆ ಪಿನ್ ಮಾಡಿದ್ದೇನೆ. ಅದರಲ್ಲಿ ಒಂದೇ ಹೆಸರಿದೆ.

ಇತಿ,
ಒಬ್ಬ ಗುತ್ತಿಗೆ ನರ್ಸ್