ಆ ಗಲಾಟೆಯನ್ನು ಒರೆಸಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ನಿಮ್ಮ ಬ್ಯಾಂಡಿನ ಹಾಡುಗಳನ್ನು ಕೂತು ಪೂರ್ತಿ ಕೇಳಿದೆ. ಗಿಟಾರು ಒರಟಾಗಿದೆ, ಡ್ರಮ್ಮಿನ ಸದ್ದಿಗೆ ನನ್ನ ಧ್ವನಿ ಮುಚ್ಚಿಹೋಗಿದೆ, ದುಡ್ಡು ಕೂಡಿಸಿ ದೊಡ್ಡ ಸ್ಟುಡಿಯೋದಲ್ಲಿ ಎಲ್ಲ ಮತ್ತೆ ಮಾಡ್ತೀವಿ ಅಂತ ಬರೆದಿದ್ದೀಯ. ಬೇಡ ಕಣೇ. ಮೊದಲು ದಿ ಸಾನಿಕ್ಸ್ ಬ್ಯಾಂಡಿನ ‘ಹಿಯರ್ ಆರ್ ದಿ ಸಾನಿಕ್ಸ್’ ಕೇಳು. 1965ರದು, ಅವರ ಮೊದಲ ಆಲ್ಬಮ್.

ಅವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಐದು ಹುಡುಗರು. ಆಲ್ಬಮ್ ತಂದ ಎಟಿಕೆಟ್ ಕಂಪನಿಯೂ ದೊಡ್ಡದಲ್ಲ, ಅದೇ ಊರಿನ ದಿ ವೇಲರ್ಸ್ ಬ್ಯಾಂಡಿನವರು ನಡೆಸುತ್ತಿದ್ದದ್ದು. ಎರಡೇ ಟ್ರ್ಯಾಕಿನ ಟೇಪಿನಲ್ಲಿ, ಅಂದರೆ ಎಲ್ಲ ಸದ್ದನ್ನೂ ಎರಡೇ ಸಾಲಿನಲ್ಲಿ ತುಂಬಿಸಿ, ಡ್ರಮ್ಮಿಗೆ ಒಂದೇ ಮೈಕು ಇಟ್ಟು ರೆಕಾರ್ಡ್ ಮಾಡಿದರು. ಆ ಡ್ರಮ್ಮಿನ ಸದ್ದನ್ನು ಎಷ್ಟೋ ವರ್ಷದ ಮೇಲೆ ‘ನಿರ್ವಾಣ’ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್ ಬಾಯ್ತುಂಬ ಹೊಗಳಿದ. ಗಿಟಾರಿನ ಲ್ಯಾರಿ ಪಾರಿಪಾ ಆಂಪ್ಲಿಫೈಯರ್ ಸ್ಪೀಕರಿಗೆ ಬೇಕಂತಲೇ ತೂತು ಹೊಡೆದಿದ್ದನಂತೆ, ಸದ್ದು ಹರಿದ ಹಾಗೆ ಬರಲಿ ಅಂತ. ನೀನು ಒರಟು ಅಂತ ಬೇಸರ ಮಾಡಿಕೊಳ್ಳುವ ಸದ್ದು ಇದೇ ಅಲ್ವಾ?

‘ಸೈಕೋ’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳು. ಹಾಡುಗಾರ ಜೆರಿ ರೋಸ್ಲಿ ಕಿರುಚಿದಾಗ ಮೈಕಿಗೆ ತಡೆಯೋಕೆ ಆಗ್ತಿಲ್ಲ ಅನ್ನಿಸುತ್ತದೆ. ಸ್ಯಾಕ್ಸೊಫೋನು, ಗಿಟಾರು ಎರಡೂ ಒಂದನ್ನೊಂದು ತಳ್ಳಿಕೊಂಡೇ ಬರುತ್ತವೆ. ಇನ್ನು ‘ಸ್ಟ್ರಿಕ್ನಿನ್’ ಹಾಡಿನಲ್ಲಿ ಹುಡುಗ ತನಗೆ ಆ ವಿಷದ ರುಚಿಯೇ ಇಷ್ಟ ಅಂತ ಜಂಬ ಕೊಚ್ಚುತ್ತಾನೆ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿ ಇರೋದೂ ಅದೇ ವಿಷ. ಬರೀ ತುಂಟಾಟ, ಆದರೆ ಪೂರ್ತಿ ಮನಸ್ಸಿಟ್ಟು ಆಡಿದ ಆಟ. ನಿನ್ನ ಬಸ್‌ಸ್ಟ್ಯಾಂಡ್ ಹಾಡಿನಲ್ಲೂ ನನಗೆ ಅದು ಸಿಕ್ಕಿತು. ಅದನ್ನು ಗಂಭೀರ ಮಾಡೋಕೆ ಹೋಗಬೇಡ.

ಹಾಗಂತ ಹೇಗೆ ಬಾರಿಸಿದರೂ ನಡೆಯುತ್ತೆ ಅಂದುಕೊಳ್ಳಬೇಡ. ಆ ಹುಡುಗರು ಡಾನ್ಸ್ ಹಾಲುಗಳಲ್ಲಿ ಜನರನ್ನು ಕುಣಿಸಿ ಕುಣಿಸಿ ಪಳಗಿದವರು. ಆಲ್ಬಮ್ಮಿನ 12 ಹಾಡಿನಲ್ಲಿ ಸ್ವಂತದ್ದು ನಾಲ್ಕೇ, ಮಿಕ್ಕಿದ್ದೆಲ್ಲ ಕುಣಿಯುವವರು ಕೇಳಿ ಕೇಳಿ ಹಾಡಿಸುವಂಥವು. ಸದ್ದು ಎಷ್ಟೇ ಚಿಂದಿಯಾದರೂ ಡ್ರಮ್ ಬಾರಿಸುವ ಬಾಬ್ ಬೆನೆಟ್‌ನ ತಾಳ ಅಲ್ಲಾಡುವುದಿಲ್ಲ. ನಿಮ್ಮ ಮೂರನೇ ಹಾಡಿನಲ್ಲಿ ತಾಳ ಓಡುತ್ತಿದೆ. ಅದು ಒರಟುತನ ಅಲ್ಲ, ಅಭ್ಯಾಸ ಸಾಲದು, ಅಷ್ಟೇ. ಅದೊಂದನ್ನು ಮತ್ತೆ ಮಾಡಿ.

ಸಾನಿಕ್ಸ್‌ನವರು ಆಮೇಲೆ ಹಾಲಿವುಡ್ಡಿಗೆ ಹೋಗಿ ಒಳ್ಳೆಯ ಸ್ಟುಡಿಯೋದಲ್ಲಿ ಇನ್ನೊಂದು ಆಲ್ಬಮ್ ಮಾಡಿದರು. ಅದು ನುಣ್ಣಗೆ ಬಂತು, ಅವರಿಗೇ ಹಿಡಿಸಲಿಲ್ಲ. ಜನ ಇವತ್ತಿಗೂ ಹುಡುಕಿಕೊಂಡು ಕೇಳುವುದು ಆ ಮೊದಲಿನದನ್ನೇ.

ಎರಡನೇ ಹಾಡಿನ ಕೊನೆಗೆ ನಿಮ್ಮಲ್ಲಿ ಯಾರೋ ನಗುತ್ತಾರಲ್ಲ, ಅದನ್ನು ಕತ್ತರಿಸಬೇಡಿ. ಅಭ್ಯಾಸ ಮಾಡುವಾಗ ಎಲ್ಲರೂ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಇದು ಮಾತ್ರ ಕಡ್ಡಾಯ. ಹೊಸ ತಂತಿಗೂ ಡ್ರಮ್ ಸ್ಟಿಕ್ಕಿಗೂ ಎಷ್ಟು ಬೇಕು ಹೇಳು, ಕಳಿಸುತ್ತೇನೆ. ಸ್ಟುಡಿಯೋಗೆ ಮಾತ್ರ ಕೇಳಬೇಡ.

ಇಂತಿ ನಿನ್ನ,
ದೊಡ್ಡಮ್ಮ